ಡ್ಯಾನ್ಯೂಬ್ ನದಿಯನ್ನು ಇಷ್ಟೊಂದು ದೇಶಗಳು ಕೂಡಿ ಕಾಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಡ್ಯಾನ್ಯೂಬ್ ನದಿಯ ಮಾತು ಬಂದಾಗಲೆಲ್ಲ ಜನ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅಷ್ಟು ದೇಶಗಳು ಒಂದು ನದಿಯನ್ನು ಹೇಗೆ ನೋಡಿಕೊಳ್ಳುತ್ತವೆ? ನೀರಿನ ಲೆಕ್ಕವನ್ನು ಪಕ್ಕದ ದೇಶಕ್ಕೆ ಯಾಕೆ ಕೊಡಬೇಕು? ಕೊಡದಿದ್ದರೆ ಏನಾಗುತ್ತದೆ? ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಕೆಲವು ಉದ್ದ ಇವೆ, ಕೆಲವು ನಾಲ್ಕು ಸಾಲಿನವು.

ಜಗತ್ತಿನಲ್ಲಿ ಇಷ್ಟೊಂದು ನದಿಗಳಿವೆ. ಡ್ಯಾನ್ಯೂಬ್ ಬಗ್ಗೆಯೇ ಯಾಕೆ ಇಷ್ಟು ಮಾತು?

ಇಷ್ಟು ದೇಶಗಳನ್ನು ಮುಟ್ಟಿಕೊಂಡು ಹರಿಯುವ ನದಿ ಇನ್ನೊಂದಿಲ್ಲ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳಲ್ಲಿ ಬ್ರೆಗ್, ಬ್ರಿಗಾಖ್ ಎಂಬ ಎರಡು ತೊರೆಗಳು ಹುಟ್ಟುತ್ತವೆ. ಅವು ಒಂದಾದ ಮೇಲೆ ಅದರ ಹೆಸರು ಡ್ಯಾನ್ಯೂಬ್. ಅಲ್ಲಿಂದ ಸುಮಾರು 2,850 ಕಿಲೋಮೀಟರ್ ಹರಿದು ಕಪ್ಪು ಸಮುದ್ರ ಸೇರುತ್ತದೆ. ದಾರಿಯಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ, ಕ್ರೊಯೇಷಿಯಾ, ಸರ್ಬಿಯಾ, ರೊಮೇನಿಯಾ, ಬಲ್ಗೇರಿಯಾ, ಮೊಲ್ಡೋವಾ, ಉಕ್ರೇನ್ ಹೀಗೆ ಹತ್ತು ದೇಶ. ಮೊಲ್ಡೋವಾದ ಪಾಲಿಗೆ ಬರುವ ದಡ ಒಂದು ಕಿಲೋಮೀಟರ್ ಕೂಡ ಇಲ್ಲ. ಆದರೂ ಮಾತುಕತೆಯಲ್ಲಿ ಅದಕ್ಕೂ ಒಂದು ಕುರ್ಚಿ ಇದೆ. ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಈ ನಾಲ್ಕು ರಾಜಧಾನಿಗಳು ಇದೇ ನದಿಯ ದಡದಲ್ಲಿವೆ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಡ್ಯಾನ್ಯೂಬ್‌ನಲ್ಲಿ ಕಿಲೋಮೀಟರ್ ಎಣಿಸುವುದು ಹುಟ್ಟಿದ ಕಡೆಯಿಂದ ಅಲ್ಲ, ಸಮುದ್ರದ ಕಡೆಯಿಂದ. ರೊಮೇನಿಯಾದ ಸುಲಿನಾದಲ್ಲಿ ಸೊನ್ನೆ. ಹಡಗಿನವರು ಮೇಲೆ ಹೋದಂತೆ ಅಂಕಿ ಜಾಸ್ತಿಯಾಗುತ್ತದೆ. ಅಂದರೆ ಈ ನದಿಯನ್ನು ಕೊನೆಯ ಊರಿನಿಂದ ಶುರುಮಾಡಿ ನೋಡುವ ಅಭ್ಯಾಸ ಮೊದಲೇ ಇದೆ.

ನದಿ ಹತ್ತು ದೇಶದಲ್ಲಿ ಹರಿಯುತ್ತದೆ ಅಂತೀರಿ. ಮತ್ತೆ ಕೆಲವು ಕಡೆ ಹತ್ತೊಂಬತ್ತು ದೇಶ ಅಂತ ಓದಿದ್ದೇನಲ್ಲ?

ಎರಡೂ ಸರಿ. ಹತ್ತು ಅನ್ನುವುದು ನದಿಯ ಲೆಕ್ಕ. ಹತ್ತೊಂಬತ್ತು ಅನ್ನುವುದು ಜಲಾನಯನದ ಲೆಕ್ಕ. ಎಲ್ಲಿ ಬಿದ್ದ ಮಳೆ ಹಳ್ಳ, ತೊರೆ, ಉಪನದಿ ಹಿಡಿದು ಕೊನೆಗೆ ಡ್ಯಾನ್ಯೂಬ್ ಸೇರುತ್ತದೋ ಆ ನೆಲವೆಲ್ಲ ಜಲಾನಯನ. ಅದು ಸುಮಾರು 8 ಲಕ್ಷ ಚದರ ಕಿಲೋಮೀಟರ್ ಇದೆ, ಅಲ್ಲಿ ಸುಮಾರು 8 ಕೋಟಿ ಜನ ಇದ್ದಾರೆ. ಸ್ವಿಟ್ಜರ್ಲೆಂಡ್, ಇಟಲಿ, ಪೋಲೆಂಡ್‌ನಂಥ ಐದು ದೇಶಗಳಿಗೆ ಸಣ್ಣ ಸಣ್ಣ ಚೂರು ಮಾತ್ರ ಸೇರಿದೆ. ಉಳಿದ ಹದಿನಾಲ್ಕು ದೇಶಗಳು ನದಿಯನ್ನು ಕೂಡಿ ಕಾಯಲು ಮಾಡಿಕೊಂಡ ಒಪ್ಪಂದದೊಳಗಿವೆ.

ಮಾಹಿತಿ ಹಂಚಿಕೊಳ್ಳುವುದು ಅಂದರೆ ನಿಜಕ್ಕೂ ಏನನ್ನು ಹಂಚಿಕೊಳ್ಳುತ್ತಾರೆ?

ಮೊದಲನೆಯದು ನೀರಿನ ಪ್ರಮಾಣ. ಎಷ್ಟು ಎತ್ತರಕ್ಕೆ ಬಂದಿದೆ, ಸೆಕೆಂಡಿಗೆ ಎಷ್ಟು ಘನ ಮೀಟರ್ ಹರಿಯುತ್ತಿದೆ, ಮೇಲೆ ಮಳೆ ಎಷ್ಟು, ಹಿಮ ಎಷ್ಟು ಕರಗಿದೆ, ಅಣೆಕಟ್ಟಿನಿಂದ ಎಷ್ಟು ಬಿಡುತ್ತಿದ್ದಾರೆ. ಪ್ರವಾಹದ ಹೊತ್ತಿನಲ್ಲಿ ಜೀವ ಉಳಿಸುವುದು ಇದೇ.

ಎರಡನೆಯದು ನೀರಿನ ಗುಣ. ಆಮ್ಲಜನಕ, ನೈಟ್ರೇಟ್, ರಂಜಕ, ಭಾರಲೋಹ, ಕೀಟನಾಶಕ, ಔಷಧದ ಅಂಶ. ಇದಕ್ಕಾಗಿ 1996ರಿಂದ ಎಲ್ಲ ದೇಶಗಳೂ ಸೇರಿದ ಒಂದು ಮಾಪನ ಜಾಲ ಇದೆ. ಒಪ್ಪಿಕೊಂಡ ಜಾಗಗಳಲ್ಲಿ ವರ್ಷಕ್ಕೆ ಕಡೇಪಕ್ಷ ಹನ್ನೆರಡು ಸಲ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ವರ್ಷದ ಫಲಿತಾಂಶ ಒಂದೇ ಪುಸ್ತಕವಾಗಿ ಹೊರಬರುತ್ತದೆ.

ಮೂರನೆಯದು ಜೀವಿಗಳು. ಮೀನು, ಹುಳ, ಪಾಚಿ, ನೀರಿನ ಗಿಡ. ಇದನ್ನು ಜನ ಮರೆಯುತ್ತಾರೆ. ನೀರಿನ ಒಂದು ಬಾಟಲಿ ಆ ಕ್ಷಣದ ಸ್ಥಿತಿ ಹೇಳುತ್ತದೆ, ಅಷ್ಟೇ. ಕಲ್ಲಿನಡಿ ಬದುಕಿರುವ ಹುಳ ಹಿಂದಿನ ಎಷ್ಟೋ ತಿಂಗಳ ಸ್ಥಿತಿ ಹೇಳುತ್ತದೆ. ಇದಕ್ಕೆ ಕೆಳಗೆ ಮತ್ತೆ ಬರುತ್ತೇನೆ.

ಪ್ರತಿ ದೇಶವೂ ತನ್ನ ಕಡೆ ಅಳೆಯುತ್ತದಲ್ಲ, ಅಷ್ಟು ಸಾಲದಾ?

ಸಾಲದು. ಅಳೆದ ಅಂಕಿ ಪಕ್ಕದವರಿಗೆ ಅರ್ಥವಾಗಬೇಕು. ಒಂದು ಉದಾಹರಣೆ ಕೊಡುತ್ತೇನೆ.

ನದಿಯ ನೀರು ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರದಲ್ಲಿದೆ ಅಂತ ಬರೆಯುತ್ತಾರೆ. ಆದರೆ ಯಾವ ಸಮುದ್ರ? ಜರ್ಮನಿ ಆಮ್‌ಸ್ಟರ್‌ಡ್ಯಾಮ್ ಮಟ್ಟದಿಂದ ಎಣಿಸುತ್ತದೆ. ಆಸ್ಟ್ರಿಯಾದ ಹಳೆಯ ಲೆಕ್ಕ ಏಡ್ರಿಯಾಟಿಕ್ ಸಮುದ್ರದ ಟ್ರಿಯೆಸ್ಟೆಯಿಂದ. ಹಂಗೇರಿ ಬಾಲ್ಟಿಕ್ ಸಮುದ್ರದಿಂದ. ರೊಮೇನಿಯಾ ಕಪ್ಪು ಸಮುದ್ರದಿಂದ. ಏಡ್ರಿಯಾಟಿಕ್ ಲೆಕ್ಕಕ್ಕೂ ಬಾಲ್ಟಿಕ್ ಲೆಕ್ಕಕ್ಕೂ ಹಂಗೇರಿಯಲ್ಲಿ ಅರ್ಧ ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಒಂದೇ ನೀರು, ಅದೇ ದಿನ, ಎರಡು ದಡದಲ್ಲಿ ಎರಡು ಎತ್ತರ. ತಡೆಗೋಡೆಯ ತುದಿಗೂ ನೀರಿಗೂ ನಡುವೆ ಅಷ್ಟೇ ಜಾಗ ಉಳಿದಿರುವ ರಾತ್ರಿಯಲ್ಲಿ ಈ ಅರ್ಧ ಮೀಟರ್ ಸಣ್ಣ ಮಾತಲ್ಲ.

ಗಡಿಯಾರವೂ ಹಾಗೆ. ರೊಮೇನಿಯಾದ ಸಮಯ ಹಂಗೇರಿಗಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ ಏಳಕ್ಕೆ ಅಳೆದದ್ದು ಅಂದರೆ ಯಾರ ಏಳು? ಇದನ್ನೂ ಮೊದಲೇ ಮಾತಾಡಿಕೊಂಡಿರಬೇಕು.

ಪ್ರಯೋಗಾಲಯಗಳ ವಿಷಯ ಇನ್ನೂ ಸೂಕ್ಷ್ಮ. ಒಂದು ಕಡೆ ನೀರನ್ನು ಸೋಸಿ ಪರೀಕ್ಷೆ ಮಾಡುತ್ತಾರೆ, ಇನ್ನೊಂದು ಕಡೆ ಸೋಸದೆ. ಆಗ ಗಡಿಯ ಆಚೆ ಈಚೆ ಸತುವಿನ ಅಂಕಿ ಬೇರೆ ಬೇರೆ ಬರುತ್ತದೆ, ನೀರು ಬದಲಾಗದೇ ಇದ್ದರೂ. ಇದಕ್ಕೆ ಡ್ಯಾನ್ಯೂಬ್‌ನವರು ಕಂಡುಕೊಂಡ ದಾರಿ ಸರಳ. ಒಂದೇ ಮಾದರಿಯನ್ನು ಎಲ್ಲ ದೇಶಗಳ ಪ್ರಯೋಗಾಲಯಗಳಿಗೂ ಕಳಿಸಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಇದರ ಹೆಸರು ಕ್ವಾಲ್ಕೋ-ಡ್ಯಾನ್ಯೂಬ್. ಯಾರ ಉತ್ತರ ಗುಂಪಿನಿಂದ ದೂರ ಇದೆಯೋ ಅವರು ತಮ್ಮ ವಿಧಾನ ಮತ್ತೆ ನೋಡಿಕೊಳ್ಳುತ್ತಾರೆ. ನನ್ನ ಪ್ರಕಾರ ಒಪ್ಪಂದದ ಸಹಿಗಿಂತ ಈ ಕೆಲಸ ದೊಡ್ಡದು. ಸಹಿ ಒಂದು ದಿನದ್ದು. ಇದನ್ನು ವರ್ಷವರ್ಷವೂ ಮಾಡಬೇಕು.

ಈ ಒಪ್ಪಂದ ಯಾವಾಗ ಆಯಿತು?

ಹಡಗು ಸಂಚಾರಕ್ಕೆ ಅಂತ 1856ರಲ್ಲೇ ಒಂದು ಅಂತರರಾಷ್ಟ್ರೀಯ ಆಯೋಗ ಹುಟ್ಟಿತ್ತು. ನೀರನ್ನು ಕಾಯುವ ಯೋಚನೆ ಬಂದದ್ದು ತುಂಬ ತಡವಾಗಿ. 1985ರಲ್ಲಿ ಬುಖಾರೆಸ್ಟ್‌ನಲ್ಲಿ ನದಿದಡದ ಎಂಟು ದೇಶಗಳು ಒಂದು ಘೋಷಣೆಗೆ ಸಹಿ ಹಾಕಿದವು. ಆಗಿನ್ನೂ ಯುರೋಪ್ ಪೂರ್ವ, ಪಶ್ಚಿಮ ಅಂತ ಎರಡು ಪಾಳಯವಾಗಿ ಒಡೆದಿತ್ತು. ಆ ಕಾಲದಲ್ಲೂ ನೀರಿನ ಗುಣವನ್ನು ಗಡಿಯ ಬಳಿ ಅಳೆಯಲು ಒಪ್ಪಿದರಲ್ಲ, ಅದೇ ಬೀಜ.

ನಿಜವಾದ ಒಪ್ಪಂದಕ್ಕೆ 1994ರ ಜೂನ್ 29ರಂದು ಬಲ್ಗೇರಿಯಾದ ಸೋಫಿಯಾದಲ್ಲಿ ಸಹಿ ಬಿತ್ತು. 1998ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅದನ್ನು ನಡೆಸಲು ಡ್ಯಾನ್ಯೂಬ್ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಇದೆ, ಐಸಿಪಿಡಿಆರ್ ಅಂತ ಕರೆಯುತ್ತಾರೆ. ಕಚೇರಿ ವಿಯೆನ್ನಾದಲ್ಲಿ. ಹದಿನಾಲ್ಕು ದೇಶಗಳ ಜೊತೆ ಯುರೋಪಿಯನ್ ಒಕ್ಕೂಟವೂ ಸದಸ್ಯ. ಸಹಿ ಬಿದ್ದ ಜೂನ್ 29 ಈಗ ಡ್ಯಾನ್ಯೂಬ್ ದಿನ.

2000ನೇ ಇಸವಿಯ ಸಯನೈಡ್ ದುರಂತದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಲ್ಲಿ ಏನಾಯಿತು?

ರೊಮೇನಿಯಾದ ಬಾಯಾ ಮಾರೆ ಎಂಬ ಊರಿನ ಬಳಿ ಹಳೆಯ ಗಣಿ ತ್ಯಾಜ್ಯದಿಂದ ಸಯನೈಡ್ ಬಳಸಿ ಚಿನ್ನ ತೆಗೆಯುವ ಕೆಲಸ ನಡೆಯುತ್ತಿತ್ತು. ಉಳಿದ ವಿಷದ ನೀರನ್ನು ಮಣ್ಣಿನ ಏರಿ ಕಟ್ಟಿದ ದೊಡ್ಡ ಕೊಳದಲ್ಲಿ ನಿಲ್ಲಿಸುತ್ತಿದ್ದರು. 2000ದ ಜನವರಿ ಕೊನೆಯಲ್ಲಿ ಹಿಮ ಕರಗಿತು, ಮೇಲಿಂದ ಮಳೆಯೂ ಬಂತು. ಕೊಳ ತುಂಬಿತು. ಜನವರಿ 30ರ ರಾತ್ರಿ ಏರಿ ಒಡೆಯಿತು. ಸುಮಾರು ಒಂದು ಲಕ್ಷ ಘನ ಮೀಟರ್ ವಿಷದ ನೀರು ಹಳ್ಳಕ್ಕೆ ಇಳಿಯಿತು.

ಅಲ್ಲಿಂದ ಸೊಮೆಷ್ ನದಿ. ಫೆಬ್ರವರಿ 1ಕ್ಕೆ ಹಂಗೇರಿಯ ಗಡಿ. ನಂತರ ಟೀಸಾ ನದಿ. ಆಮೇಲೆ ಸರ್ಬಿಯಾ, ಡ್ಯಾನ್ಯೂಬ್. ಸುಮಾರು ನಾಲ್ಕು ವಾರದಲ್ಲಿ 2,000 ಕಿಲೋಮೀಟರ್ ಸಾಗಿ ಮುಖಜ ಭೂಮಿ ಮುಟ್ಟಿತು. ಹಂಗೇರಿಯಲ್ಲಿ ಮಾತ್ರವೇ ಸಾವಿರ ಟನ್‌ಗಿಂತ ಹೆಚ್ಚು ಮೀನು ಸತ್ತವು. ದಡದ ಮೀನುಗಾರರು ದೋಣಿ ತುಂಬ ಸತ್ತ ಮೀನನ್ನು ಎತ್ತಿ ಹಾಕುತ್ತಿದ್ದ ಚಿತ್ರಗಳು ಆಗ ಪತ್ರಿಕೆಗಳ ತುಂಬ ಬಂದವು. ತಲೆಮಾರುಗಳಿಂದ ಆ ನದಿಯನ್ನೇ ನಂಬಿ ಬದುಕಿದವರು ಅವರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ಆದರೆ ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಏರಿ ಒಡೆದ ಸುದ್ದಿ ವಿಷಕ್ಕಿಂತ ಮೊದಲೇ ಕೆಳಗಿನ ದೇಶಗಳಿಗೆ ತಲುಪಿತು. ಟೀಸಾ ದಡದ ಊರುಗಳು ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಹೊತ್ತು ಸಿಕ್ಕಿತು. ಟೀಸಾ ಸರೋವರದ ಬಾಗಿಲುಗಳನ್ನು ಸ್ವಲ್ಪ ಕಾಲ ಮುಚ್ಚಿದರು. ಮೂರು ದೇಶಗಳು ಬೇಗ ಮಾತಾಡಿಕೊಂಡದ್ದರಿಂದಲೇ ಹಾನಿ ಕಮ್ಮಿಯಾಯಿತು ಅಂತ ನಂತರ ಪರಿಶೀಲನೆಗೆ ಬಂದ ವಿಶ್ವಸಂಸ್ಥೆಯ ತಂಡವೂ ಬರೆಯಿತು.

ಮೀನು ಉಳಿಯಲಿಲ್ಲ. ಜನ ಉಳಿದರು. ನೀರಿನ ಮಾಹಿತಿ ಕೊಡುವುದು ಅಂದರೆ ಕೆಳಗಿನವರಿಗೆ ಹೊತ್ತು ಕೊಡುವುದು ಅಂತ ನಾನು ಹೇಳುವುದು ಇದಕ್ಕೇ.

ಎಚ್ಚರಿಕೆ ಹೇಗೆ ಮುಟ್ಟುತ್ತದೆ? ಯಾರಾದರೂ ಫೋನ್ ಮಾಡುತ್ತಾರಾ?

ಪ್ರತಿ ದೇಶದಲ್ಲೂ ಒಂದು ಎಚ್ಚರಿಕೆ ಕೇಂದ್ರ ಇದೆ. ಹಗಲು ರಾತ್ರಿ ಅಲ್ಲಿ ಜನ ಇರುತ್ತಾರೆ. ಈ ವ್ಯವಸ್ಥೆ 1997ರಿಂದ ನಡೆಯುತ್ತಿದೆ. ಎಲ್ಲೋ ಎಣ್ಣೆ ಚೆಲ್ಲಿದರೆ, ಕಾರ್ಖಾನೆಯಿಂದ ರಾಸಾಯನಿಕ ಸೋರಿದರೆ ಮೊದಲು ಆ ದೇಶದ ಕೇಂದ್ರಕ್ಕೆ ಸುದ್ದಿ. ತಜ್ಞರು ಆ ವಸ್ತು ಎಷ್ಟು ಅಪಾಯ, ಗಡಿ ದಾಟುತ್ತದಾ ಅಂತ ನೋಡುತ್ತಾರೆ. ದಾಟುವ ಸಾಧ್ಯತೆ ಇದ್ದರೆ ಕೆಳಗಿನ ದೇಶಗಳ ಕೇಂದ್ರಗಳಿಗೆ ಸಂದೇಶ ಹೋಗುತ್ತದೆ.

ಸಂದೇಶದ ನಮೂನೆ ಮೊದಲೇ ಸಿದ್ಧ ಇರುತ್ತದೆ. ಯಾವ ನದಿ, ಎಷ್ಟನೇ ಕಿಲೋಮೀಟರ್, ಯಾವ ವಸ್ತು, ಎಷ್ಟು, ಎಷ್ಟು ಹೊತ್ತಿಗೆ. ಮಧ್ಯರಾತ್ರಿ ಎದ್ದು ಕೂತ ಅಧಿಕಾರಿಗೆ ಪದ ಹುಡುಕುವ ಕೆಲಸ ಇರಬಾರದು. ಅಷ್ಟೊಂದು ಭಾಷೆಗಳಿರುವ ಜಾಗದಲ್ಲಿ ಇದು ಬಹಳ ಮುಖ್ಯ.

2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾ ಬಳಿ ಅಲ್ಯೂಮಿನಾ ಕಾರ್ಖಾನೆಯ ಕೆಂಪು ಕೆಸರಿನ ಕಟ್ಟೆ ಒಡೆಯಿತು. ಹತ್ತು ಜನ ಸತ್ತರು. ಕೆಸರು ಹಳ್ಳಿಗಳನ್ನು ಮುಳುಗಿಸಿ ಮಾರ್ಕಲ್ ನದಿಗೆ ಇಳಿಯಿತು, ಅಲ್ಲಿ ಜೀವವೇ ಉಳಿಯಲಿಲ್ಲ. ಆ ನೀರಿನ ಕ್ಷಾರ ಇಳಿಸಲು ನದಿಗೆ ರಾಶಿ ರಾಶಿ ಜಿಪ್ಸಮ್ ಸುರಿದರು. ಮೂರು ದಿನದ ಮೇಲೆ ಡ್ಯಾನ್ಯೂಬ್ ಸೇರುವ ಹೊತ್ತಿಗೆ ಅದರ ಕಡುಪು ಬಹಳ ಕಡಿಮೆಯಾಗಿತ್ತು. ಕೆಳಗಿನ ದೇಶಗಳಿಗೆ ಇದೇ ವ್ಯವಸ್ಥೆಯಿಂದ ಸುದ್ದಿ ಹೋಗಿತ್ತು.

ಆರು ವರ್ಷಕ್ಕೊಮ್ಮೆ ದೊಡ್ಡ ಸಮೀಕ್ಷೆ ಮಾಡುತ್ತಾರಂತೆ. ತಿಂಗಳ ಪರೀಕ್ಷೆ ಇರುವಾಗ ಅದು ಯಾಕೆ?

ತಿಂಗಳ ಪರೀಕ್ಷೆಯನ್ನು ಆಯಾ ದೇಶದವರು ತಮ್ಮ ಜಾಗದಲ್ಲಿ ಮಾಡುತ್ತಾರೆ. ಜಂಟಿ ಡ್ಯಾನ್ಯೂಬ್ ಸಮೀಕ್ಷೆಯಲ್ಲಿ ಇಡೀ ನದಿಯನ್ನು ಒಂದೇ ಕಾಲದಲ್ಲಿ, ಒಂದೇ ವಿಧಾನದಲ್ಲಿ ನೋಡುತ್ತಾರೆ. 2001, 2007, 2013, 2019ರಲ್ಲಿ ನಡೆದಿದೆ. ಮೊದಲ ಮೂರು ಸಲ ಬೇರೆ ಬೇರೆ ದೇಶದ ವಿಜ್ಞಾನಿಗಳು ಒಟ್ಟಿಗೆ ಹಡಗಿನಲ್ಲಿ ಕೆಳಗಿಳಿಯುತ್ತಾ ಹೋದರು. 2019ರಲ್ಲಿ ಆಯಾ ದೇಶದ ತಂಡಗಳೇ ಒಂದೇ ಪದ್ಧತಿಯಲ್ಲಿ ಮಾದರಿ ತೆಗೆದವು.

ಹುಳಗಳ ಮಾತಿಗೆ ಬರುತ್ತೇನೆ ಅಂದಿದ್ದೆ. ದಡದ ಬಳಿ ಮೊಣಕಾಲುದ್ದ ನೀರಿನಲ್ಲಿ ಒಬ್ಬರು ಉದ್ದ ಹಿಡಿಯ ಬಲೆ ಹಿಡಿದು ನಿಲ್ಲುತ್ತಾರೆ. ಬಲೆಯ ಬಾಯಿ ನೀರು ಬರುವ ಕಡೆಗೆ. ಬಲೆಯ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕದಡುತ್ತಾರೆ. ಕಲ್ಲಿಗೆ ಅಂಟಿಕೊಂಡ ಮರಿಹುಳಗಳು ಎದ್ದು ಹರಿವಿನ ಜೊತೆ ಬಲೆಗೆ ಬೀಳುತ್ತವೆ. ಬಿಳಿ ತಟ್ಟೆಗೆ ಸುರಿದು, ಚಿಮುಟದಲ್ಲಿ ಒಂದೊಂದಾಗಿ ಎತ್ತಿ, ಯಾವ ಜಾತಿ ಅಂತ ಎಣಿಸುತ್ತಾರೆ. ಆಮ್ಲಜನಕ ಕಮ್ಮಿಯಾದರೆ ಬದುಕದ ಜಾತಿಗಳಿವೆ. ಅವು ತಟ್ಟೆಯಲ್ಲಿ ಕಂಡರೆ ಆ ಜಾಗದ ನೀರು ಎಷ್ಟೋ ಕಾಲದಿಂದ ಚೆನ್ನಾಗಿದೆ ಅಂತ ಅರ್ಥ.

ಟೀಸಾ ನದಿಯ ಉದ್ದ ಬಾಲದ ಮೇಫ್ಲೈ ಹುಳದ ಮರಿ ಸುಮಾರು ಮೂರು ವರ್ಷ ದಡದ ಜೇಡಿಮಣ್ಣಿನ ಬಿಲದಲ್ಲಿ ಇರುತ್ತದೆ. ಆಮೇಲೆ ಜೂನ್ ತಿಂಗಳ ಕೆಲವೇ ಸಂಜೆಗಳಲ್ಲಿ ಲಕ್ಷಾಂತರ ಹುಳ ಒಟ್ಟಿಗೆ ಎದ್ದು ನೀರಿನ ಮೇಲೆ ಹಾರುತ್ತವೆ. ಹಂಗೇರಿಯ ಜನ ಇದನ್ನು ಟೀಸಾ ಹೂವು ಅನ್ನುತ್ತಾರೆ. ಇಂಥ ಒಂದು ಜೀವ ಬದುಕಿದೆ ಅಂದರೆ ಮೂರು ವರ್ಷದ ನೀರಿನ ಲೆಕ್ಕ ಅದರ ಮೈಯಲ್ಲೇ ಇದೆ.

ಜಗಳ ಇರುವ ದೇಶಗಳು ಮಾಹಿತಿ ಹಂಚಿಕೊಳ್ಳುತ್ತವಾ?

ಎಲ್ಲ ಚೆನ್ನಾಗಿದ್ದ ಕಡೆ ಮಾತ್ರ ಇದು ನಡೆದಿದೆ ಅಂದುಕೊಳ್ಳಬೇಡಿ. 1977ರಲ್ಲಿ ಹಂಗೇರಿ ಮತ್ತು ಚೆಕೊಸ್ಲೊವಾಕಿಯಾ ಸೇರಿ ಗಾಬ್ಚಿಕೋವೊ-ನಾಜ್‌ಮರೋಷ್ ಎಂಬ ಜೋಡಿ ಅಣೆಕಟ್ಟಿಗೆ ಒಪ್ಪಿದ್ದವು. ಹಂಗೇರಿಯಲ್ಲಿ ಜನ ವಿರೋಧಿಸಿದರು, ಆ ದೇಶ ಕೆಲಸ ನಿಲ್ಲಿಸಿತು. 1992ರಲ್ಲಿ ಆಚೆ ಕಡೆಯವರು ನದಿಯ ಬಹುಪಾಲು ನೀರನ್ನು ತಮ್ಮ ಕಾಲುವೆಗೆ ತಿರುಗಿಸಿಬಿಟ್ಟರು. ವಿಷಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶರು ಸ್ವತಃ ನದಿ ನೋಡಲು ಬಂದರು, ಆ ನ್ಯಾಯಾಲಯದ ಇತಿಹಾಸದಲ್ಲೇ ಅದು ಮೊದಲ ಸ್ಥಳ ಪರಿಶೀಲನೆ. 1997ರಲ್ಲಿ ತೀರ್ಪು ಬಂತು. ಇಬ್ಬರದೂ ತಪ್ಪಿದೆ, ಕೂತು ಮಾತಾಡಿ ಅಂದಿತು. ಆ ಮಾತುಕತೆ ವರ್ಷಗಟ್ಟಲೆ ಎಳೆಯಿತು. ಅಷ್ಟಾದರೂ ಹಂಗೇರಿ, ಮತ್ತು ಚೆಕೊಸ್ಲೊವಾಕಿಯಾ ಒಡೆದ ಮೇಲೆ ನದಿಯ ಆ ಭಾಗ ಸೇರಿದ ಸ್ಲೊವಾಕಿಯಾ ಎರಡೂ ಡ್ಯಾನ್ಯೂಬ್ ಆಯೋಗದೊಳಗೆ ಒಂದೇ ಮೇಜಿನಲ್ಲಿ ಕೂರುತ್ತಿವೆ.

ಇನ್ನೂ ಗಟ್ಟಿ ಉದಾಹರಣೆ ಸಾವಾ ನದಿ. ಡ್ಯಾನ್ಯೂಬ್‌ನ ದೊಡ್ಡ ಉಪನದಿ ಅದು. ಯುಗೊಸ್ಲಾವಿಯಾ ಒಂದೇ ದೇಶವಾಗಿದ್ದಾಗ ಅದು ಒಳನಾಡಿನ ನದಿ. ದೇಶ ಒಡೆದು, ಯುದ್ಧ ನಡೆದು, ಸಾವಾ ನಾಲ್ಕು ದೇಶಗಳ ನದಿಯಾಯಿತು. ಯುದ್ಧ ಮುಗಿದು ಹೆಚ್ಚು ವರ್ಷ ಆಗಿರಲಿಲ್ಲ, 2002ರ ಡಿಸೆಂಬರ್‌ನಲ್ಲಿ ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ ಮತ್ತು ಆಗಿನ್ನೂ ಯುಗೊಸ್ಲಾವಿಯಾ ಎಂಬ ಹೆಸರು ಉಳಿಸಿಕೊಂಡಿದ್ದ, ಇಂದಿನ ಸರ್ಬಿಯಾ ಇರುವ ದೇಶ ಕೂತು ಸಾವಾ ಒಪ್ಪಂದಕ್ಕೆ ಸಹಿ ಹಾಕಿದವು. 2014ರ ಮೇ ತಿಂಗಳಲ್ಲಿ ಅಲ್ಲಿ ಭೀಕರ ಪ್ರವಾಹ ಬಂತು, ಬೋಸ್ನಿಯಾ, ಸರ್ಬಿಯಾ, ಕ್ರೊಯೇಷಿಯಾದ ಊರುಗಳು ಮುಳುಗಿದವು. ಅದಾದ ಮೇಲೆ ಈ ದೇಶಗಳು ಒಟ್ಟಾಗಿ ಒಂದೇ ಪ್ರವಾಹ ಮುನ್ಸೂಚನೆ ವ್ಯವಸ್ಥೆ ಕಟ್ಟಿಕೊಂಡವು. ಬಂದೂಕು ಹಿಡಿದು ಎದುರುಬದುರು ನಿಂತಿದ್ದ ದಡಗಳ ಜನ ಇವತ್ತು ಒಬ್ಬರ ನೀರಿನ ಮಟ್ಟವನ್ನು ಇನ್ನೊಬ್ಬರು ನೋಡುತ್ತಿದ್ದಾರೆ.

ಮೇಲಿನ ದೇಶಕ್ಕೆ ಇದರಿಂದ ಏನು ಲಾಭ? ನೀರು ಹೇಗೂ ಕೆಳಗೆ ಹೋಗುತ್ತದಲ್ಲ?

ನ್ಯಾಯವಾದ ಪ್ರಶ್ನೆ. ನೀರು ಕೆಳಗೆ ಹೋಗುತ್ತದೆ, ಆದರೆ ಎಲ್ಲವೂ ಕೆಳಗೆ ಹೋಗುವುದಿಲ್ಲ. ಹಡಗು ಎರಡೂ ಕಡೆ ಹೋಗುತ್ತದೆ. ಮೀನು ಮೇಲಕ್ಕೆ ಬರುತ್ತದೆ. ಸ್ಟರ್ಜನ್ ಮೀನು ಕಪ್ಪು ಸಮುದ್ರದಿಂದ ನೂರಾರು ಕಿಲೋಮೀಟರ್ ಈಜಿ ಮೊಟ್ಟೆ ಇಡಲು ಒಂದು ಕಾಲದಲ್ಲಿ ಹಂಗೇರಿಯ ಆಚೆಗೂ ಬರುತ್ತಿತ್ತು. 1972ರಲ್ಲಿ ಸರ್ಬಿಯಾ, ರೊಮೇನಿಯಾ ಗಡಿಯಲ್ಲಿ ಐರನ್ ಗೇಟ್ ಅಣೆಕಟ್ಟು ಎದ್ದಿತು. 1984ರಲ್ಲಿ ಅದರ ಕೆಳಗೆ ಎರಡನೆಯದು. ಸ್ಟರ್ಜನ್‌ಗೆ ದಾರಿ ಮುಚ್ಚಿತು. ಇಲ್ಲಿ ಕಳೆದುಕೊಂಡವರು ಮೇಲಿನವರು.

ಇನ್ನೊಂದು, ಮೇಲಿನವ ಅನ್ನುವುದು ಖಾಯಂ ಸ್ಥಾನ ಅಲ್ಲ. ಹಂಗೇರಿ ಟೀಸಾದಲ್ಲಿ ಕೆಳಗಿದೆ, ಸರ್ಬಿಯಾಕ್ಕೆ ಹೋಲಿಸಿದರೆ ಮೇಲಿದೆ. ಸಯನೈಡ್ ಬಂದಾಗ ಸುದ್ದಿ ಪಡೆದ ದೇಶವೇ ಕೆಂಪು ಕೆಸರಿನ ದಿನ ಸುದ್ದಿ ಕೊಟ್ಟ ದೇಶವಾಯಿತು.

ದುಡ್ಡು ಯಾರು ಕೊಡುತ್ತಾರೆ?

ಆಯೋಗದ ಖರ್ಚಿಗೆ ಸದಸ್ಯ ದೇಶಗಳು ವಂತಿಗೆ ಹಾಕುತ್ತವೆ. ನೀರು ತೆಗೆಯುವುದು, ಪರೀಕ್ಷೆ ಮಾಡುವುದು ಆಯಾ ದೇಶದ ಸ್ವಂತ ಖರ್ಚು.

ನೀರಿನ ಮಾಹಿತಿ ಕೊಟ್ಟರೆ ದೇಶದ ಗುಟ್ಟು ಹೊರಗೆ ಹೋಗುವುದಿಲ್ವಾ?

ಈ ಭಯ ಹಲವು ದೇಶಗಳಿಗಿದೆ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಯಾವಾಗ ಬಿಡುತ್ತಾರೆ ಅನ್ನುವುದನ್ನು ರಕ್ಷಣೆಯ ವಿಷಯ ಅಂತ ನೋಡುವವರಿದ್ದಾರೆ. ಗಡಿ ದಾಟುವ ನದಿಗಳ ಬಗೆಗಿನ ವಿಶ್ವಸಂಸ್ಥೆಯ ಜಲಮಾರ್ಗ ಒಪ್ಪಂದ ಇದನ್ನು ಗಮನಿಸಿದೆ. 1997ರಲ್ಲಿ ರೂಪುಗೊಂಡು 2014ರಲ್ಲಿ ಜಾರಿಗೆ ಬಂದ ಆ ಒಪ್ಪಂದದ 9ನೇ ವಿಧಿ ಮಾಹಿತಿಯನ್ನು ನಿಯಮಿತವಾಗಿ ಹಂಚಿಕೊಳ್ಳಿ ಅನ್ನುತ್ತದೆ. 31ನೇ ವಿಧಿ ದೇಶದ ರಕ್ಷಣೆಗೆ ಬಹಳ ಮುಖ್ಯವಾದ ಮಾಹಿತಿಯನ್ನು ಕೊಡಲೇಬೇಕು ಅಂತಿಲ್ಲ ಅನ್ನುತ್ತದೆ, ಆದರೂ ಒಳ್ಳೆಯ ಮನಸ್ಸಿನಿಂದ ಸಹಕರಿಸಿ ಅಂತ ಸೇರಿಸುತ್ತದೆ.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಅನ್ನುವುದು ಯಾವ ದೇಶದ ಗುಟ್ಟೂ ಅಲ್ಲ. ಅದನ್ನು ಕುಡಿಯುವವರ ಹಕ್ಕು. ಡ್ಯಾನ್ಯೂಬ್ ಜಲಾನಯನದಲ್ಲಿ ಸುಮಾರು 2 ಕೋಟಿ ಜನ ಕುಡಿಯುವ ನೀರಿಗೆ ಈ ನದಿಯನ್ನು ನಂಬಿದ್ದಾರೆ. ಬುಡಾಪೆಸ್ಟ್‌ನ ಬಾವಿಗಳು ನದಿಯ ದ್ವೀಪಗಳಲ್ಲೇ ಇವೆ, ದಡದ ಜಲ್ಲಿಯ ಮೂಲಕ ಸೋಸಿ ಬಂದ ನೀರನ್ನೇ ಎತ್ತುತ್ತಾರೆ. ಜಲ್ಲಿ ಕೆಸರನ್ನು ತಡೆಯುತ್ತದೆ, ಕರಗಿದ ಎಲ್ಲ ವಿಷವನ್ನೂ ತಡೆಯುವುದಿಲ್ಲ.

ಅಂಕಿಅಂಶ ಇದ್ದರೆ ನದಿ ತಾನಾಗಿ ಶುಚಿಯಾಗುತ್ತದಾ?

ಇಲ್ಲ. ಬೆಲ್‌ಗ್ರೇಡ್‌ನಂಥ ರಾಜಧಾನಿಯ ಕೊಳಚೆ ಹತ್ತಾರು ವರ್ಷ ಶುದ್ಧೀಕರಣವಿಲ್ಲದೆ ನದಿಗೆ ಹೋಗಿದೆ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಆದರೂ ಕೆಲಸ ಆಗಿರಲಿಲ್ಲ. ಘಟಕ ಕಟ್ಟಲು ದುಡ್ಡು ಬೇಕು, ಮನಸ್ಸೂ ಬೇಕು.

ಆದರೆ ಅಂಕಿ ಇಲ್ಲದೆ ಕಾರಣ ಹುಡುಕಲು ಆಗುವುದಿಲ್ಲ. 1970, 80ರ ದಶಕಗಳಲ್ಲಿ ಕಪ್ಪು ಸಮುದ್ರದ ವಾಯವ್ಯ ಭಾಗದಲ್ಲಿ ಪಾಚಿ ಬೆಳೆದು, ಕೊಳೆತು, ಆಮ್ಲಜನಕ ಮುಗಿದು, ಸಾವಿರಾರು ಚದರ ಕಿಲೋಮೀಟರ್ ಸಮುದ್ರ ತಳ ಸತ್ತಿತು. ಕಾರಣ ನದಿಗಳು ಹೊತ್ತು ತಂದ ಸಾರಜನಕ ಮತ್ತು ರಂಜಕ. ಅದರಲ್ಲಿ ಡ್ಯಾನ್ಯೂಬ್ ಪಾಲು ದೊಡ್ಡದು. ಹೊಲದ ಗೊಬ್ಬರ, ಊರಿನ ಕೊಳಚೆ, ಬಟ್ಟೆ ಒಗೆಯುವ ಪುಡಿ. ಜರ್ಮನಿಯ ಹೊಲದಿಂದ ಸುಲಿನಾದ ಸಮುದ್ರದವರೆಗೆ ಲೆಕ್ಕ ಕೂಡಿಸಿದಾಗಲೇ ಎಲ್ಲಿ ಎಷ್ಟು ತಡೆಯಬೇಕು ಅಂತ ಮಾತಾಡಲು ಸಾಧ್ಯವಾಯಿತು. ಈಗ ಇಡೀ ಜಲಾನಯನಕ್ಕೆ ಒಂದೇ ನಿರ್ವಹಣಾ ಯೋಜನೆ ಇದೆ. 2009ರಲ್ಲಿ ಮೊದಲನೆಯದು, ನಂತರ 2015, 2021.

ಉಪಗ್ರಹ ಇದೆಯಲ್ಲ, ಇನ್ನೂ ಯಾಕೆ ಪಕ್ಕದವರನ್ನು ಕೇಳಬೇಕು?

ಉಪಗ್ರಹ ಬಹಳ ಸಹಾಯ ಮಾಡುತ್ತದೆ. 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ನದಿ, ಕೆರೆಗಳ ನೀರಿನ ಎತ್ತರವನ್ನೇ ಅಳೆಯುತ್ತದೆ. ಆದರೆ ಅದು ಒಂದೇ ಜಾಗದ ಮೇಲೆ ಪ್ರತಿ ಗಂಟೆಗೂ ಬರುವುದಿಲ್ಲ. ಪ್ರವಾಹ ಕಾಯುವುದಿಲ್ಲ. ಇನ್ನು ಸಯನೈಡ್‌ಗೆ ಬಣ್ಣವಿಲ್ಲ, ಅದು ಆಕಾಶದಿಂದ ಕಾಣುವುದೇ ಇಲ್ಲ. ಅದಕ್ಕೆ ಬಾಟಲಿ ಹಿಡಿದು ದಡಕ್ಕೆ ಇಳಿಯುವ ಮನುಷ್ಯನೇ ಬೇಕು.

ಬೇರೆ ನದಿಗಳಲ್ಲಿ ಹೇಗಿದೆ?

ರೈನ್ ನದಿ ಏಟು ತಿಂದು ಕಲಿತಿದ್ದು. ಅದರ ಆಯೋಗ 1950ರಿಂದ ಇದೆ. ಆದರೂ 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡ್‌ನ ಬಾಸೆಲ್ ಬಳಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿದ್ದಾಗ, ಆರಿಸಲು ಬಳಸಿದ ನೀರಿನ ಜೊತೆ ಟನ್‌ಗಟ್ಟಲೆ ಕೀಟನಾಶಕ ನದಿಗೆ ಹೋಯಿತು. ನೀರು ಕೆಂಪಾಯಿತು. ಕೆಳಗಿನ ದೇಶಗಳಿಗೆ ಸುದ್ದಿ ತಡವಾಗಿ ಮುಟ್ಟಿತು. ಮುಂದಿನ ವರ್ಷವೇ ರೈನ್ ಕಾರ್ಯಯೋಜನೆ ಬಂತು. 1990ರ ದಶಕದಲ್ಲಿ ಸಾಲ್ಮನ್ ಮೀನು ಮತ್ತೆ ಆ ನದಿಯ ಉಪನದಿಗಳಲ್ಲಿ ಮರಿ ಮಾಡಿತು.

ಮೆಕಾಂಗ್‌ನಲ್ಲಿ 1995ರ ಒಪ್ಪಂದದೊಳಗೆ ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಇವೆ. ಮೇಲಿರುವ ಚೀನಾ, ಮ್ಯಾನ್ಮಾರ್ ಪೂರ್ತಿ ಸದಸ್ಯರಲ್ಲ. ಚೀನಾ 2002ರಿಂದ ಮಳೆಗಾಲದ ಮಾಹಿತಿ ಕೊಡುತ್ತಿತ್ತು. 2020ರಲ್ಲಿ ವರ್ಷಪೂರ್ತಿ ಕೊಡಲು ಒಪ್ಪಿತು. ಬೇಸಿಗೆಯ ಲೆಕ್ಕ ಸಿಗಲು ಹದಿನೆಂಟು ವರ್ಷ ಬೇಕಾಯಿತು. ಬರ ಬಂದಾಗ ಬೇಕಾದದ್ದೇ ಆ ಲೆಕ್ಕ.

ಬ್ರಹ್ಮಪುತ್ರದಲ್ಲಿ 2000ದ ಜೂನ್‌ನಲ್ಲಿ ಟಿಬೆಟ್‌ನ ಯಿಗೊಂಗ್ ಎಂಬಲ್ಲಿ ಗುಡ್ಡ ಕುಸಿದು ಕಟ್ಟಿದ್ದ ನೀರು ಒಡೆದು ಅರುಣಾಚಲದ ಸಿಯಾಂಗ್ ಕಣಿವೆಗೆ ನುಗ್ಗಿತು. 2002ರಲ್ಲಿ ಭಾರತ, ಚೀನಾ ಮಳೆಗಾಲದ ಮಾಹಿತಿಗೆ ಒಪ್ಪಂದ ಮಾಡಿಕೊಂಡವು. 2017ರಲ್ಲಿ ಡೋಕ್ಲಾಮ್ ಬಿಕ್ಕಟ್ಟಿನ ವರ್ಷ ಮಾಹಿತಿ ಬರಲಿಲ್ಲ, 2018ರಲ್ಲಿ ಮತ್ತೆ ಬಂತು. ಆ ಒಪ್ಪಂದದ ಅವಧಿ 2023ರಲ್ಲಿ ಮುಗಿಯಿತು. ಡ್ಯಾನ್ಯೂಬ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಅಲ್ಲಿ ಮಾಹಿತಿ ದಿನನಿತ್ಯದ ಕೆಲಸ. ಇಲ್ಲಿ ಅದು ಸಂಬಂಧ ಚೆನ್ನಾಗಿದ್ದಾಗ ಸಿಗುವ ಉಪಕಾರ.

ಸಾಮಾನ್ಯ ಜನರಿಗೆ ಈ ಅಂಕಿಗಳು ಸಿಗುತ್ತವಾ?

ಸಿಗುತ್ತವೆ. ವರ್ಷದ ಫಲಿತಾಂಶ, ಸಮೀಕ್ಷೆಯ ವರದಿ, ಯೋಜನೆಯ ನಕ್ಷೆ ಎಲ್ಲವೂ ಬಹಿರಂಗ. ಪರಿಸರದ ಮಾಹಿತಿ ಕೇಳುವುದು ಜನರ ಹಕ್ಕು ಅಂತ ಹೇಳುವ 1998ರ ಆರ್ಹುಸ್ ಒಪ್ಪಂದ ಇದರ ಹಿಂದೆ ಇದೆ.

ಇಷ್ಟೆಲ್ಲ ಆದಮೇಲೂ ಬಾಕಿ ಏನಿದೆ?

ಮಣ್ಣು. ನದಿ ಬರೀ ನೀರು ತರುವುದಿಲ್ಲ, ಮಣ್ಣು, ಮರಳು, ಜಲ್ಲಿ ತರುತ್ತದೆ. ಅಣೆಕಟ್ಟುಗಳ ಹಿಂದೆ ಅದು ಕೂತುಬಿಡುತ್ತದೆ. ಡ್ಯಾನ್ಯೂಬ್ ಮುಖಜ ಭೂಮಿಗೆ ತಲುಪುವ ತೇಲುಮಣ್ಣು ಹಿಂದಿನದಕ್ಕಿಂತ ಅರ್ಧಕ್ಕೂ ಕಮ್ಮಿಯಾಗಿದೆ. ದಡ ಕೊರೆಯುತ್ತಿದೆ, ಸಮುದ್ರದ ಅಂಚು ಒಳಗೆ ಬರುತ್ತಿದೆ. ಇದನ್ನು ಅಳೆಯಲು ಹೋದಾಗ ಮತ್ತೆ ಅದೇ ಹಳೆಯ ಸಮಸ್ಯೆ ಎದುರಾಯಿತು. ಒಂದು ದೇಶ ಮಣ್ಣಿನ ಮಾದರಿಯನ್ನು ದಿನಾ ದಡದ ಬಳಿ ಒಂದೇ ಕಡೆ ತೆಗೆಯುತ್ತದೆ. ಇನ್ನೊಂದು ದೇಶ ವರ್ಷಕ್ಕೆ ಕೆಲವೇ ಸಲ, ಆದರೆ ನದಿಯ ಅಡ್ಡಗಲಕ್ಕೂ ಆಳಕ್ಕೂ ತೆಗೆಯುತ್ತದೆ. ಎರಡು ಅಂಕಿಗಳನ್ನು ಕೂಡಿಸಲು ಬರುವುದಿಲ್ಲ. ನೀರಿನ ವಿಷಯದಲ್ಲಿ ಮೂವತ್ತು ವರ್ಷದ ಹಿಂದೆ ಮಾಡಿದ ಕೆಲಸವನ್ನು ಮಣ್ಣಿನ ವಿಷಯದಲ್ಲಿ ಈಗ ಮೊದಲಿನಿಂದ ಮಾಡಬೇಕಾಗಿದೆ. ಒಂದೇ ಮಾದರಿ, ಎಲ್ಲ ಪ್ರಯೋಗಾಲಯ, ಪಕ್ಕಪಕ್ಕ ಇಟ್ಟ ಉತ್ತರಗಳು.